ಅತ್ತೆಯನ್ನು ಹೊರಗೆ ಕಳಿಸುವುದು

ನಮ್ಮ ಸಿಂಧನೂರಿನಲ್ಲಿ ಹೆಣ್ಣುಮಕ್ಕಳ ಯಾವ ಬೇನೆಗೂ ಒಂದೇ ಹೆಸರು: ಉಷ್ಣ. ಬಿಳಿ ಹೋದರೆ ಉಷ್ಣ, ಉರಿಮೂತ್ರವಾದರೆ ಉಷ್ಣ, ಕಿಬ್ಬೊಟ್ಟೆ ನೋವು ಬಂದರೆ ಅದೂ ಉಷ್ಣ. ಮಜ್ಜಿಗೆ, ಸಾಬೂದಾನಿ ಗಂಜಿ ಎಲ್ಲ ಕುಡಿಸಿ ನೋಡಿ, ಆದರೂ ಕಡಿಮೆಯಾಗದಿದ್ದರೆ ನನ್ನ ದವಾಖಾನೆಗೆ ಕರೆತರುತ್ತಾರೆ. ಲಿಂಗಸೂಗೂರಿನಲ್ಲಿ ಹುಟ್ಟಿದ ನಾನು ಈ ಮಾತು ಕೇಳುತ್ತಲೇ ಬೆಳೆದು ಡಾಕ್ಟರಾದವಳು. ಆದರೂ ಪ್ರತಿ ಸಲ ಸಿಟ್ಟು ನೆತ್ತಿಗೇರುತ್ತದೆ.

ಆ ‘ಉಷ್ಣ’ಗಳಲ್ಲಿ ಕೆಲವು ಕ್ಲಮೈಡಿಯಾ ಆಗಿರುತ್ತವೆ. ಗಂಡುಹೆಣ್ಣು ಕೂಡಿದಾಗ ಹರಡುವ ಸೋಂಕು ಅದು. ಹೊರಗೆ ಅಷ್ಟಾಗಿ ತೋರಗೊಡದೆ ಗರ್ಭನಾಳವನ್ನೇ ಮುಚ್ಚಿಬಿಡಬಹುದು. ಪರೀಕ್ಷೆ ನಮ್ಮೂರಲ್ಲಿ ಆಗುವುದಿಲ್ಲ. ಮಾದರಿ ದೂರದ ಲ್ಯಾಬಿಗೆ ಹೋಗಿ ಉತ್ತರ ಬರುವಷ್ಟರಲ್ಲಿ ಹುಡುಗಿ ನಾಟಿಗೋ ತವರಿಗೋ ಹೋಗಿರುತ್ತಾಳೆ. ಅದಕ್ಕೇ ನಾನು ಕೇಳಿ ಅಂದಾಜು ಮಾಡುತ್ತೇನೆ. ವಯಸ್ಸೆಷ್ಟು, ಮದುವೆಯಾಗಿ ಎಷ್ಟು ದಿನ, ಗಂಡ ಮನೆಯಲ್ಲೇ ಇರುತ್ತಾನೋ ತಿಂಗಳುಗಟ್ಟಲೆ ಹೊರಗೋ, ಅವನ ಜೊತೆ ಮಲಗಿದ ಮೇಲೆ ರಕ್ತ ಕಾಣುತ್ತದೆಯೋ. ಕೊನೆಗೆ, ನಾನು ನೋಡುವಾಗ ಗರ್ಭಕೋಶದ ಬಾಯಿ ಮುಟ್ಟಿದರೆ ರಕ್ತ ಜಿನುಗುತ್ತದೆಯೋ. ಇವುಗಳಲ್ಲಿ ಯಾವುದೊಂದೂ ತಾನೇ ಏನನ್ನೂ ಹೇಳುವುದಿಲ್ಲ, ಎಲ್ಲ ಕೂಡಿದರೆ ಒಂದು ದಾರಿ ಕಾಣುತ್ತದೆ. ತಪ್ಪುವುದೂ ಉಂಟು. ಆದರೆ ಉತ್ತರ ಹುಡುಗಿಯ ಬಾಯಿಂದ ಬರಬೇಕಲ್ಲ! ನಮ್ಮ ಕಡೆ ಹೊಸ ಸೊಸೆಯ ಪರವಾಗಿ ಅತ್ತೆಯೇ ಮಾತಾಡುವುದು.

ಗೊರೇಬಾಳದಿಂದ ಒಬ್ಬ ಅತ್ತೆ, ಅವಳ ಸೊಸೆ ಬಂದದ್ದು ಭತ್ತದ ಕೊಯ್ಲು ನಡೆದಿದ್ದ ದಿನಗಳಲ್ಲಿ. ಸೊಸೆಗೆ ಇಪ್ಪತ್ತಾಗಿತ್ತೋ ಇಲ್ಲವೋ. ಅತ್ತೆ ಹಣೆ ತುಂಬ ವಿಭೂತಿ ಧರಿಸಿದ ಗಟ್ಟಿ ಹೆಂಗಸು.

“ಎಲ್ಲಿ ನೋಯ್ತೈತಿ ತಂಗಿ?” ಎಂದು ಹುಡುಗಿಯನ್ನು ಕೇಳಿದೆ.

“ಕಿಬ್ಬೊಟ್ಟಿ ನೋಯ್ತೈತ್ರಿ. ಉಷ್ಣ ಆಗೈತಿ,” ಎಂದಳು ಅತ್ತೆ.

“ಯಮ್ಮಾ, ನೋಯಾಕತ್ತಿದ್ದು ನಿಮಗೋ, ಈಕಿಗೋ?”

ಆಕೆ ನಕ್ಕಳೇ ಹೊರತು ಕುರ್ಚಿ ಬಿಡಲಿಲ್ಲ. ನಾನು ನನ್ನ ಹಳೆಯ ಉಪಾಯ ಹೂಡಿದೆ. “ನಿಮ್ಮ ಮುಖ ಯಾಕೋ ಬಾಡೈತಿ. ಹೊರಗ ನರ್ಸ್ ಅದಾಳ, ಬಿ.ಪಿ. ನೋಡಿಸ್ಕೊಂಡು ಬರ್ರಿ.” ಬಿ.ಪಿ. ಎಂದರೆ ಯಾವ ಅತ್ತೆಯೂ ಏಳುತ್ತಾಳೆ. ಅಂಥ ಬಿ.ಪಿ.ಯನ್ನು ಬಹಳ ನಿಧಾನವಾಗಿ ನೋಡಬೇಕೆಂದು ನಮ್ಮ ನರ್ಸಿಗೆ ಗೊತ್ತು.

ಬಾಗಿಲು ಮುಚ್ಚಿದ ಮೇಲೆ ಹುಡುಗಿ ತಲೆ ಎತ್ತಿದಳು. ಗಂಡ ಭತ್ತ ಕೊಯ್ಯುವ ಮಷಿನ್ನಿನ ಡ್ರೈವರ್, ಸುಗ್ಗಿಯುದ್ದಕ್ಕೂ ಊರೂರು ಅಲೆಯುತ್ತಾನೆ. ಹೋದ ಸಲ ಬಂದುಹೋದಾಗಿನಿಂದ ರಕ್ತ ಕಾಣುತ್ತಿದೆ. ಪರೀಕ್ಷಿಸಿ ನೋಡಿದೆ; ನನ್ನ ಅಂದಾಜು ಗಟ್ಟಿಯಾಯಿತು. ಇಬ್ಬರಿಗೂ ಔಷಧಿ ಬೇಕೆಂದು ಬಿಡಿಸಿ ಹೇಳಿದೆ.

“ನಂಗ ಮಕ್ಕಳಾಗ್ತಾವಲ್ರೀ?” ಎಂದಳು. “ಆಗಲಿಲ್ಲಂದ್ರ ಜವಳಗೇರಾಕ್ಕ, ನಮ್ಮಪ್ಪನ ಮನಿಗೆ ಕಳಿಸಿಬಿಡ್ತಾರ. ಅತ್ತಿಗೆ ಏನೂ ಹೇಳಬ್ಯಾಡ್ರಿ.”

“ಈಗ ಗುಳಿಗಿ ತಗೊಂಡ್ರ ಅಂಜೋದು ಬ್ಯಾಡ. ತಡ ಮಾಡಿದ್ರ ಅಂಜಬೇಕು.”

ಮಾದರಿ ತೆಗೆದು ಕಳಿಸಿದೆ. ಒಂದೇ ಸಲ ನುಂಗುವ ಗುಳಿಗೆಗಳ ಎರಡು ಪೊಟ್ಟಣ ಕಟ್ಟಿಕೊಟ್ಟು, ಒಳಗೆ ಬಂದ ಅತ್ತೆಗೆ ಇಷ್ಟೇ ಹೇಳಿದೆ: “ಸ್ವಲ್ಪ ಸೋಂಕು ಆಗೈತಿ. ಈಕೀದು ಇವತ್ತ ನುಂಗಿಸ್ರಿ. ಮಗ ಬಂದ ಕೂಡ್ಲೆ ಅವನಿಗೂ ಕೊಡ್ರಿ. ಅವನು ನುಂಗಿದ ಮ್ಯಾಲೂ ಒಂದು ವಾರ ಬ್ಯಾರೆ ಬ್ಯಾರೆ ಮಲಗ್ಲಿ.”

ಲ್ಯಾಬಿನ ಉತ್ತರ ಬಂತು, ಅಂದಾಜು ಸರಿಯಿತ್ತು. ಫೋನ್ ಮಾಡಿಸಿ ಕರೆಸಿದರೆ ಹುಡುಗಿಗೆ ನೋವು ಹಾಗೇ ಇದೆ. ಗುಳಿಗೆ ನುಂಗಿದೆಯಾ ಎಂದು ಅವಳನ್ನೇ ಕೇಳಿದೆ.

“ಎರಡೂ ಪೊಟ್ಟಣ ದೇವರ ಜಗಲಿ ಮ್ಯಾಲ ಅದಾವ್ರಿ,” ಎಂದಳು ಅತ್ತೆ, ಹೆಮ್ಮೆಯಿಂದ. “ಮಗ ಇನ್ನೂ ಬಂದಿಲ್ಲ. ಗಂಡನಕಿಂತ ಮೊದಲ ಹೆಂಡ್ತಿ ಹೆಂಗ ಬಾಯಾಗ ಹಾಕ್ಕೋಬೇಕು?”

ಅವರ ಮನೆಯಲ್ಲಿ ಗಂಡ ಊರಲ್ಲಿದ್ದಾಗ ಅವನು ಉಣ್ಣದೆ ಸೊಸೆ ಉಣ್ಣುವುದಿಲ್ಲ. ಆ ಪದ್ಧತಿಯನ್ನು ಗುಳಿಗೆಗೂ ಹಚ್ಚಿದ್ದರು! ನಾನು ಕೂಗಾಡಿದ್ದು ಹೊರಗಿನ ಬೆಂಚಿನವರಿಗೂ ಕೇಳಿಸಿರಬೇಕು. “ಯಮ್ಮಾ, ಇದು ಊಟ ಅಲ್ಲ! ನಿಮ್ಮ ಮಗ ಬರೋತನಕ ಬ್ಯಾನಿ ಕಾಯ್ತಾ ಕುಂದರ್ತೈತೇನು? ಒಳಗ ಬಸರಿನ ದಾರೀನ ಮುಚ್ಚಿ ಹೋದ್ರ ಏನು ಮಾಡ್ತೀರಿ?” ಆಕೆಯ ಮುಖ ಒಮ್ಮೆಲೇ ಇಳಿಯಿತು. ಹೊಸ ಪೊಟ್ಟಣ ಬಿಚ್ಚಿ, ಅಲ್ಲೇ ನನ್ನ ಕಣ್ಣೆದುರಿಗೆ ಹುಡುಗಿಗೆ ನುಂಗಿಸಿದೆ.

ಮುಂದಿನದನ್ನು, ಕೆಲವು ವಾರಗಳ ಮೇಲೆ ತೋರಿಸಿಕೊಳ್ಳಲು ಬಂದಾಗ, ಹುಡುಗಿಯೇ ನಗುತ್ತ ಹೇಳಿದಳು. ಮಗ ಬಂದವನು ನನಗೇನಾಗೈತಿ ಎಂದು ನುಣುಚಿಕೊಳ್ಳಲು ನೋಡಿದನಂತೆ. ಅತ್ತೆ ಜಗಲಿಯಿಂದ ಪೊಟ್ಟಣ ತಂದು, ಅವನ ಹಣೆಗೆ ವಿಭೂತಿ ಹಚ್ಚಿ, ನುಂಗುವವರೆಗೂ ನೀರಿನ ತಂಬಿಗೆ ಹಿಡಿದು ಎದುರಿಗೇ ನಿಂತಳಂತೆ. ಹುಡುಗಿಯ ನೋವು, ರಕ್ತ ಎರಡೂ ನಿಂತಿದ್ದವು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಮೊನ್ನೆ ಆ ಅತ್ತೆ ಮತ್ತೆ ಬಂದಳು, ಮಸ್ಕಿಯಲ್ಲಿರುವ ತಂಗಿಯ ಹೊಸ ಸೊಸೆಯನ್ನು ಕರೆದುಕೊಂಡು. ನಿಮ್ಮ ಸೊಸೆ ಹೇಗಿದ್ದಾಳೆ ಎಂದು ಕೇಳಿದೆ.

“ಬಸುರಿ ಅದಾಳ್ರಿ. ತುತ್ತು ಬಾಯಿಗಿಟ್ರ ವಾಂತಿ. ಈಗ ಆಕೀಗೆ ಮೊದಲ ಉಣಿಸ್ತೀನಿ. ಮಗ ಆಮ್ಯಾಲೆ.”

ನಾನು ಮಸ್ಕಿಯ ಹುಡುಗಿಯ ಕಡೆ ತಿರುಗುವಷ್ಟರಲ್ಲಿ ಗೊರೇಬಾಳದ ಅತ್ತೆ ಸೆರಗು ಸರಿಪಡಿಸಿಕೊಂಡು ಎದ್ದಳು. “ನಾ ಬಿ.ಪಿ. ನೋಡಿಸ್ಕೊಂಡು ಬರ್ತೀನ್ರಿ.”

“ನಾ ಇನ್ನೂ ಹೇಳೇ ಇಲ್ಲಲ್ಲ ಯಮ್ಮಾ!” ಎಂದು ನಕ್ಕೆ.

ಆಕೆ ಬಾಗಿಲಲ್ಲಿ ನಿಂತಳು. “ಈಕಿ ವಯಸ್ಸಿನಾಗ ನನಗೂ ಹಿಂಗ ಕಿಬ್ಬೊಟ್ಟಿ ನೋವಿತ್ರಿ. ಒಬ್ಬ ಮಗ ಹುಟ್ಟಿದ, ಮತ್ತ ಬಸುರು ನಿಲ್ಲಲಿಲ್ಲ. ದವಾಖಾನಿಗೆ ಹೋಗಿದ್ವಿ. ನಮ್ಮತ್ತಿ ಎದ್ದು ಹೊರಗ ಹೋಗಲಿಲ್ಲ, ನಾ ಬಾಯಿ ಬಿಡಲಿಲ್ಲ.”

ಹೊರಗೆ ಹೋಗಿ ಬಾಗಿಲನ್ನು ತಾನೇ ಎಳೆದುಕೊಂಡಳು.