ಹನ್ನೆರಡನೆಯ ಲಾಕ್

ಬೆಳಗಿನ ಐದೂವರೆ. ಷೆಡ್ಡಿನ ಷಟರ್ ಅರ್ಧ ಎತ್ತಿದೆ. ಸ್ಟ್ಯಾಂಡಿನ ಮೇಲೆ ಐವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್. ಆರು ಸಿಲಿಂಡರಿನದು, ನೀರಿನ ಹಂಗಿಲ್ಲದೆ ಗಾಳಿಯಲ್ಲೇ ತಣಿಯುವಂಥದ್ದು. ಮೊನ್ನೆಯಷ್ಟೇ ಸ್ಟಾರ್ಟ್ ಮಾಡಿ ಚಪ್ಪಾಳೆ ಗಿಟ್ಟಿಸಿದ ಆ ಎಂಜಿನ್ನನ್ನು ಮೇಷ್ಟ್ರು ಈಗ ಕಳ್ಳನ ಹಾಗೆ ಸದ್ದಿಲ್ಲದೆ ಬಿಚ್ಚುತ್ತಿದ್ದಾರೆ.

ಶಬ್ದ ಕೇಳಿಯೇ ರೋಗ ಹೇಳುವ ಇವರು ಎಲ್ಲರಿಗೂ 'ಕಿವಿ ಮೇಷ್ಟ್ರು'. ವಯಸ್ಸು ಅರವತ್ತಮೂರು. ಪಂಕ್ಚರ್ ಹಾಕುತ್ತಾ ಕಸುಬಿಗೆ ಬಿದ್ದವರು, ಒಂದು ಬೆರಳ ತುದಿಯನ್ನು ಫ್ಯಾನ್ ಬೆಲ್ಟಿಗೆ ಕೊಟ್ಟವರು. ಇಂಥ ನಲವತ್ತೊಂದು ಎಂಜಿನ್ ಬಿಚ್ಚಿ ಕಟ್ಟಿದ್ದಾರೆ. ಒಂದೊಂದಕ್ಕೂ ಎರಡು ತಿಂಗಳು ಬೇಕು.

ಪಿಸ್ಟನ್ನಿನ ಪಿನ್ ಜಾರದಂತೆ ಎರಡೂ ಕಡೆ ಉಂಗುರದಂಥ ಲಾಕ್ ಕೂರಿಸಬೇಕು. ಆರಕ್ಕೆ ಹನ್ನೆರಡು. ಜೊತೆಗೇ ದುಡಿಯುವ ಮಗಳು ಎಂಜಿನ್ ಕಟ್ಟುವಾಗಲೇ ಕೇಳಿದ್ದಳು, "ಅಪ್ಪಾ, ಲಾಕ್ ಎಣಿಸಿದ್ಯಾ?" ಕಾರಿನ ಒಡತಿ, ನಿವೃತ್ತ ನರ್ಸಮ್ಮ, ಪಕ್ಕದಲ್ಲೇ ಇದ್ದರು. "ನನಗೇ ಪಾಠ ಹೇಳ್ತೀಯಾ? ಹೋಗಿ ನೆಲ ಗುಡಿಸು," ಎಂದು ಮೇಷ್ಟ್ರು ಗದರಿದರು. ಮಗಳು ಪೊರಕೆ ಹಿಡಿದಳು. ನಿನ್ನೆ ಟ್ರೇ ಒರೆಸುವಾಗ ಬಟ್ಟೆಯಡಿ ಒಂದು ಹೊಸ ಲಾಕ್ ಸಿಕ್ಕಿತು; ರಾತ್ರಿಯೇ ಕಾರಿನಿಂದ ಎಂಜಿನ್ ಇಳಿಸಿದರು.

ನಾಲ್ಕನೆಯ ಸಿಲಿಂಡರ್ ಕಳಚುತ್ತದೆ. ಒಂದು ಕಡೆ ಲಾಕೇ ಇಲ್ಲ; ಪಿನ್ ಹೊರಗಿಣುಕಿ ಒಳಗೋಡೆಗೆ ಗೀರು ಹಾಕಿದೆ. ರಸ್ತೆಗಿಳಿದಿದ್ದರೆ ಎಂಜಿನ್ ಪುಡಿಪುಡಿ. "ಇಷ್ಟು ವರ್ಷ ಮೆರೆದಿದ್ದೆಲ್ಲ ಇವತ್ತು ನೀರಲ್ಲಿ ಹೋಯ್ತು. ಮುಖ ಎಲ್ಲಿಟ್ಕೊಳ್ಲಿ?" ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನ್ನೊಡನೆ. ನಾಚಿಕೆಗೆ ಕತ್ತೇ ಮೇಲೇಳುತ್ತಿಲ್ಲ.

ಎಂಟಕ್ಕೆ ನರ್ಸಮ್ಮ ಕಾರು ಒಯ್ಯಲು ಬರುತ್ತಾರೆ. "ಒಂದು ಪಾರ್ಟ್ ಬರಬೇಕು, ತಡ ಆಗುತ್ತೆ," ಎಂದು ಮೇಷ್ಟ್ರು ಸುಳ್ಳು ಶುರು ಮಾಡುತ್ತಾರೆ. ಮಗಳು ತಲೆ ಎತ್ತದೆ ಸ್ಪ್ಯಾನರ್ ಒರೆಸುತ್ತಲೇ ಇದ್ದಾಳೆ. ಅದನ್ನು ನೋಡಿ ಅವರು ಮಾತು ಬದಲಿಸುತ್ತಾರೆ. "ಇಲ್ಲ ಅಮ್ಮಾ, ಸುಳ್ಳು. ತಪ್ಪು ನಂದು, ಒಂದು ಲಾಕ್ ಹಾಕಿರಲಿಲ್ಲ. ಇವಳು ಕೇಳಿದ್ಲು, ನಿಮ್ಮೆದುರಿಗೇ ಬೈದೆ."

ನರ್ಸಮ್ಮ ಗೀರಿನ ಮೇಲೆ ಬೆರಳಾಡಿಸುತ್ತಾರೆ. "ಆಪರೇಷನ್ ಆದ್ಮೇಲೆ ನಾವು ಹತ್ತಿ ಎಣಿಸಿ ಸರಿ ಅನ್ನೋವರೆಗೂ ದೊಡ್ಡ ಡಾಕ್ಟ್ರೂ ಹೊಲಿಗೆ ಹಾಕ್ತಿರಲಿಲ್ಲ ಮೇಷ್ಟ್ರೇ. ಆಗಲಿ, ಇನ್ನೊಂದು ತಿಂಗಳು ಕಾಯ್ತೀನಿ."

ಅವರು ಹೋದ ಮೇಲೆ ಮೇಷ್ಟ್ರನ್ನು, ಇನ್ನೇನಾದರೂ ಆಸೆ ಇದೆಯೇ ಎಂದು ನಾನು ಕೇಳಿದರೆ, ಮಗಳ ಕಡೆ ನೋಡಿ ಮೆಲ್ಲಗೆ ಹೇಳುತ್ತಾರೆ:

"ಬೈದ ದಿನದಿಂದ ಇವಳು ನನ್ನನ್ನ ಏನೂ ಕೇಳಿಲ್ಲ. ಇನ್ನೊಂದ್ಸಲ ಕೇಳಲಿ ಅಂತ ಆಸೆ."