ಎರಡನೇ ಬಾಟಲಿ ಕೊಡದ ಅಂಗಡಿಯವರು

ತಂಪು ಪಾನೀಯದ ಎರಡನೇ ಬಾಟಲಿಗೆ ನಾನು ಕೈಚಾಚಿದ ಹೊತ್ತಿಗೇ ಅಂಗಿಯ ಗುಂಡಿಯೊಂದು ಹೊಟ್ಟೆಯ ಒತ್ತಡ ತಾಳದೆ ಕಿತ್ತು ಹಾರಿ ಅಂಗಡಿಯವರ ಕನ್ನಡಕಕ್ಕೆ ಬಡಿಯಿತು. ಅವರು ಸಿಟ್ಟಾಗಲಿಲ್ಲ, ಗುಂಡಿಯನ್ನು ನನ್ನ ಅಂಗೈಯಲ್ಲಿಟ್ಟು, ಬಾಟಲಿಯನ್ನು ಮೆತ್ತಗೆ ಒಳಗೆ ಸೇರಿಸಿದರು. ಅವರ ವ್ಯಾಪಾರದ ರೀತಿಯೇ ಹಾಗೆ. ಯಾರು ಬಂದರೂ ಮೊದಲು ಒಂದು ಲೋಟ ನೀರು ಕೊಟ್ಟು, "ಇದ್ರಿಂದ ದಾಹ ಹೋಗ್ಲಿಲ್ಲ ಅಂದ್ರೆ ಆಮೇಲೆ ನೋಡೋಣ" ಎನ್ನುತ್ತಾರೆ. ಹಟ ಹಿಡಿದವರಿಗೆ ಒಂದೇ ಬಾಟಲಿ, ಅದೂ ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪನ ಮುಖ ಮಾಡಿಕೊಂಡು. ಹೊಟ್ಟೆ ತೀರಾ ಮುಂದೆ ಬಂದವರನ್ನು ಕಂಡರಂತೂ ಫ್ರಿಜ್ಜೇ ಕೆಟ್ಟಿದೆ ಎಂದುಬಿಡುತ್ತಾರೆ, ಅದು ಬೆನ್ನ ಹಿಂದೆಯೇ ಗುಂಯ್‌ಗುಡುತ್ತಿದ್ದರೂ. ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ ಕೂತಿರುತ್ತಾರೆ. "ಯಾರ್ರೀ ಬಂದಿರೋದು?" "ಆ ಕಚೇರಿ ಗುಮಾಸ್ತರು ಕಣೆ. ಗುಂಡಿ ಹಾರಿಸಿದ್ರು." ಸಕ್ಕರೆ ಕಾಯಿಲೆಯಿಂದ ಆಕೆಗೆ ಕಣ್ಣು ಕಾಣುವುದಿಲ್ಲ. ಲೇಬಲ್ ಹರಿದು ಮಾರಾಟವಾಗದೆ ಉಳಿದ ಬಾಟಲಿಗಳನ್ನು ಹದಿನೈದು ವರ್ಷ ದಿನವೂ ಮನೆಗೊಯ್ದು, ಬೇಡವೆಂದರೂ ಪ್ರೀತಿಯಿಂದ ಆಕೆಗೆ ಕುಡಿಸಿದವನು ತಾನೇ ಎಂದು ಅಂಗಡಿಯವರೇ ಒಮ್ಮೆ ಹೇಳಿದ್ದರು. "ಇಷ್ಟಾದ್ಮೇಲೂ ಅಂಗಡಿ ಯಾಕೆ ಮುಚ್ಚಲಿಲ್ಲ, ಯಜಮಾನ್ರೇ?" ಎಂದು ಕೇಳಿದೆ. ಅವರು ಕನ್ನಡಕ ಒರೆಸುತ್ತಾ, "ಮುಚ್ಚಿದ್ರೆ ನೀವು ಎದುರಂಗಡಿಗೆ ಹೋಗ್ತೀರಿ. ಅವನು ಕೇಳಿದಷ್ಟೂ ಕೊಡ್ತಾನೆ" ಎಂದರು.