ತಟ್ಟೆ ಕಾಣುವ ತನಕ

ಬೆಳಕು ಹರಿಯುವ ಹೊತ್ತು. ಊರಿನ ಬಚ್ಚಲು, ಕಕ್ಕಸುಗಳ ನೀರೆಲ್ಲ ಬಂದು ನಿಲ್ಲುವ ದೊಡ್ಡ ಹೊಂಡದಲ್ಲಿ ಮೋಟಾರು ದೋಣಿಯೊಂದು ಹೊಲ ಉತ್ತ ಹಾಗೆ ಸಾಲು ಬಿಡದೆ ಓಡಾಡುತ್ತಿದೆ. ಹಿಂದೆ ಕೂತ ಹೆಂಗಸು ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ಇನ್ನೊಂದರಲ್ಲಿ ಡ್ರಮ್ಮಿನ ನಲ್ಲಿ ತಿರುಗಿಸುತ್ತಾರೆ. ಪಟಿಕದ ದ್ರಾವಣ ಸಣ್ಣಗೆ ಸುರಿದು, ಮೋಟಾರಿನ ರೆಕ್ಕೆ ಎಬ್ಬಿಸಿದ ಸುಳಿಯಲ್ಲಿ ಬೆರೆಯುತ್ತದೆ. ಗಾಳಿ ಎದ್ದು ನೀರು ಕಲಕುವುದರೊಳಗೆ ಈ ಕೆಲಸ ಮುಗಿಯಬೇಕು.

ಎಲ್ಲರೂ ಇವರನ್ನು ಪಟಿಕದಕ್ಕ ಎಂದೇ ಕರೆಯುವುದು. ಇವರ ಜಗಳ ರಂಜಕದ, ಅಂದರೆ ಫಾಸ್ಫರಸ್ಸಿನ ಜೊತೆ. ಸೋಪಿನಲ್ಲಿ, ಮುಸುರೆಯಲ್ಲಿ, ನಮ್ಮ ಮಲಮೂತ್ರದಲ್ಲಿ ಎಲ್ಲ ಕಡೆ ಅದಿದೆ. ಹೊಲಕ್ಕೆ ಗೊಬ್ಬರವಾಗುವ ಇದೇ ವಸ್ತು ಕೆರೆಗೆ ಹೋದರೆ ಪಾಚಿಗೆ ಮೃಷ್ಟಾನ್ನ. ಪಟಿಕ ಅದನ್ನು ಹಿಡಿದು ಹಿಂಜಿದ ಹತ್ತಿಯಂತೆ ಗಂಟು ಕಟ್ಟಿಸಿ ತಳಕ್ಕೆ ಕೂರಿಸುತ್ತದೆ. ಆಮೇಲೆ ತೂಬು ಎತ್ತಿ, ಮೇಲಿನ ತಿಳಿಯನ್ನಷ್ಟೇ ಕೆಳಗಿನ ಕೆರೆಗೆ ಬಿಡಬೇಕು.

‘ಪಾಚಿಗೆ ಹಸಿವು ಜಾಸ್ತಿ. ನಾವು ಊಟ ಮುಚ್ಚಿಡ್ತೀವಿ, ಅಷ್ಟೇ’ ಎನ್ನುತ್ತಾರೆ ಅಕ್ಕ.

ಅಪ್ಪ ಇಲ್ಲೇ ಪಂಪು ನೋಡಿಕೊಳ್ಳುತ್ತಿದ್ದವರು. ಆ ಕೆಲಸ ಮಗಳಿಗೆ ಬಂತು, ಜೊತೆಗೆ ವಾಸನೆಯೂ ಬಂತು. ‘ಬಸ್ಸಲ್ಲಿ ಪಕ್ಕ ಕೂತೋರು ಎದ್ದು ಹೋಗ್ತಿದ್ರು. ನಂಗೇನು, ಕಾಲು ಚಾಚೋಕೆ ಜಾಗ ಸಿಕ್ತು.’

ನಗು ನಿಲ್ಲುವುದು ಹೋದ ವರ್ಷದ ಮಾತು ಬಂದಾಗ. ಬೇಗ ಮುಗಿಸುವ ಆತುರದಲ್ಲಿ ಅಕ್ಕ ಆಳವಿಲ್ಲದ ಮೂಲೆಗೂ ಮೋಟಾರು ಓಡಿಸಿಬಿಟ್ಟರು. ರೆಕ್ಕೆ ತಳ ಕಲಕಿತು, ಕೂತಿದ್ದ ರಂಜಕ ಮತ್ತೆ ಮೇಲೆದ್ದಿತು. ಅದನ್ನು ಗಮನಿಸದೆ ತೂಬು ಎತ್ತಿದರು. ಕೆರೆ ಹಸಿರು ಗಂಜಿಯಾಯಿತು. ಅಲ್ಲಿ ಮೀನು ಸಾಕಿದ್ದವರು ಇವರ ಒಡಹುಟ್ಟಿದ ತಂಗಿ. ಮೀನುಗಳೆಲ್ಲ ಉಸಿರುಕಟ್ಟಿ, ಹೊಟ್ಟೆ ಮೇಲಾಗಿ ತೇಲಿದವು.

‘ಅವಳು ಮನೆಗೆ ಬರೋದು ಬಿಟ್ಟಳು. ಬೈದಿದ್ರೆ ವಾಸಿ ಇತ್ತು.’

ಮತ್ತೆ ಮರಿಮೀನು ಬಿಡಬೇಕೋ, ಕೆರೆಯನ್ನೇ ಬಿಡಬೇಕೋ ಎಂದು ತೀರ್ಮಾನಿಸಲು ತಂಗಿ ಈ ಸಲದ ನೀರಿಗಾಗಿ ಕಾಯುತ್ತಿದ್ದಾರೆ. ಅದು ಅಕ್ಕನಿಗೂ ಗೊತ್ತು. ಈಗ ಆ ಮೂಲೆ ಬಂದೊಡನೆ ಮೋಟಾರು ಆರಿಸಿ ಮೇಲೆತ್ತುತ್ತಾರೆ. ಉದ್ದನೆಯ ಗಳದಿಂದ ದೋಣಿಯನ್ನು ಮೆಲ್ಲಗೆ ತಳ್ಳುತ್ತಾರೆ. ರಟ್ಟೆ ಬಿದ್ದುಹೋಗುವ ಕೆಲಸ.

ಮರುದಿನ ಹಗ್ಗಕ್ಕೆ ಕಟ್ಟಿದ ಬಿಳಿ ತಟ್ಟೆಯೊಂದನ್ನು ಹೊಂಡಕ್ಕೆ ಇಳಿಬಿಡುತ್ತಾರೆ. ತಟ್ಟೆ ತಳದ ಹತ್ತಿರ ಹೋದರೂ ಕಂಡರೆ ನೀರು ತಿಳಿಯಾಗಿದೆ ಎಂದರ್ಥ. ಅಷ್ಟರಲ್ಲಿ ಎಂಜಿನಿಯರ್ ಫೋನು: ‘ಮೋಡ ಕಟ್ತಿದೆ ಅಕ್ಕಾ, ಹೊಂಡ ತುಂಬಿದೆ. ನೀರು ಬಿಟ್ಟುಬಿಡೋಣ್ವಾ?’

‘ತಟ್ಟೆ ಇನ್ನೂ ಕಾಣ್ತಿಲ್ಲ ಸಾರ್. ಸ್ವಲ್ಪ ತಡೀರಿ.’

‘ಸರಿ, ನೀವು ಹೇಳಿದಾಗಲೇ.’

ಮಧ್ಯಾಹ್ನ ಇಳಿಯುವ ಹೊತ್ತಿಗೆ ತಟ್ಟೆಯ ಮುಕ್ಕಾದ ಅಂಚೂ ಕಾಣುತ್ತದೆ. ಅಕ್ಕ ತೂಬು ಎತ್ತುತ್ತಾರೆ.

ಕಾಲುವೆಯ ಪಕ್ಕದಲ್ಲಿ ತಂಗಿ ಬಂದು ನಿಂತಿದ್ದಾರೆ. ಬಗ್ಗಿ, ಹರಿಯುವ ನೀರಿನಡಿಯ ಕಲ್ಲುಗಳನ್ನು ತುಂಬ ಹೊತ್ತು ನೋಡುತ್ತಾರೆ.

‘ಮರಿ ತಂದು ಬಿಡ್ತೀನಿ ಕಣೇ ಅಕ್ಕ’ ಎನ್ನುತ್ತಾರೆ. ‘ದೊಡ್ಡವಾದ್ಮೇಲೆ ನಿನ್ನ ಮನೆಗೆ ತರ್ತೀನಿ.’

ಅಕ್ಕನ ಕಣ್ಣು ತುಂಬಿದೆ. ಹಗ್ಗ ಸುತ್ತುತ್ತ, ಕೈಯಲ್ಲಿರುವ ತಟ್ಟೆಯನ್ನು ಎತ್ತಿ ತೋರಿಸುತ್ತಾರೆ.

‘ತಗೊಂಡು ಬಾ. ಊಟಕ್ಕೆ ಬೇರೆ ತಟ್ಟೆ ಇದೆ.’